ಕಪ್ಪು ಐದರಿಂದ ಕಪ್ಪು ಎರಡಕ್ಕೆ

ನನ್ನ ಶ್ರುತಿ ಕಪ್ಪು ಐದು, ಅಂದರೆ ಹಾರ್ಮೋನಿಯಂನ ಮಂದ್ರ (ಕೆಳಗಿನ) ಸಪ್ತಕದ ಐದನೇ ಕಪ್ಪು ಮನೆಯೇ (ಕೀ) ನನ್ನ ಷಡ್ಜ, ನನ್ನ 'ಸ'. ಹನ್ನೆರಡು ವರ್ಷ ಅದೇ ಶ್ರುತಿಯಲ್ಲಿ ಹಾಡಿದ್ದೇನೆ. ಬೆಳಿಗ್ಗೆ ಎದ್ದು ತಂಬೂರಿ ಇಲ್ಲದೆ ಷಡ್ಜ ಹಿಡಿದರೂ ಹೆಚ್ಚುಕಮ್ಮಿ ಅಲ್ಲಿಗೇ ಬಂದು ನಿಲ್ಲುತ್ತೇನೆ. ಹಾಗಾಗಿ ಬಿ.ಇಡಿ. ಇಂಟರ್ನ್‌ಶಿಪ್ಪಿನ ಮೊದಲ ಸೋಮವಾರ, ಕರಾವಳಿಯ ಒಂದು ಸರ್ಕಾರಿ ಶಾಲೆಯಲ್ಲಿ ಪ್ರಾರ್ಥನೆಗೆ ಹಾರ್ಮೋನಿಯಂ ಮುಂದೆ ಕೂತಾಗ ಯೋಚನೆಯನ್ನೇ ಮಾಡದೆ ಕಪ್ಪು ಐದು ಒತ್ತಿದೆ.

ಇನ್ನೂರು ಚಿಲ್ಲರೆ ಮಕ್ಕಳು. ಮೊದಲ ಸಾಲು ಚೆನ್ನಾಗಿಯೇ ಬಂತು. ಎರಡನೇ ಸಾಲು ಮಂದ್ರ ಪಂಚಮಕ್ಕೆ, ಷಡ್ಜಕ್ಕಿಂತ ಕೆಳಗಿನ 'ಪ'ಕ್ಕೆ, ಇಳಿಯುತ್ತದೆ. ಅಲ್ಲಿಗೆ ಬಂದಾಗ ಇಡೀ ಅಂಗಳದಲ್ಲಿ ನನ್ನದೊಂದೇ ದನಿ. ಮಕ್ಕಳ ತುಟಿ ಆಡುತ್ತಿದೆ, ಸ್ವರ ಇಲ್ಲ. ಮೇಲಿನ ಸಾಲು ಬಂದ ಕೂಡಲೇ ಎಲ್ಲರೂ ವಾಪಸ್. ಪದ ಸರಿಯಾಗಿ ಬಾಯಿಪಾಠ ಆಗಿಲ್ಲ ಅಂದುಕೊಂಡೆ. ಮರುದಿನ ಬರೆಸಿ ಬಾಯಿಪಾಠ ಮಾಡಿಸಿದೆ. ಬುಧವಾರವೂ ಹಾಗೇ ಆಯಿತು. ವಿಷಯ ಹೊಳೆಯಲು ನನಗೆ ಒಂದು ವಾರ ಬೇಕಾಯಿತು. ಆ ಸ್ವರ ಅವರ ಗಂಟಲಲ್ಲಿ ಇನ್ನೂ ಇಲ್ಲವೇ ಇಲ್ಲ. ಎಂಟು-ಹತ್ತು ವರ್ಷದ ಮಗು ಆರಾಮಾಗಿ ಹಾಡುವುದು ಹಾರ್ಮೋನಿಯಂನ ಮಧ್ಯ ಸಪ್ತಕದ ಬಿಳಿ ಒಂದರಿಂದ ಮೇಲಿನ ಸಪ್ತಕದ ಬಿಳಿ ಎರಡರ ತನಕ. ನಾನು ಅದಕ್ಕಿಂತ ತುಂಬಾ ಕೆಳಗೆ ಎಳೆದಿದ್ದೆ. ಶ್ರುತಿಯನ್ನು ಮಧ್ಯ ಸಪ್ತಕದ ಕಪ್ಪು ಎರಡಕ್ಕೆ ಏರಿಸಿದ ದಿನ ಅಂಗಳ ತುಂಬಾ ದನಿ ಬಂತು. ಅವತ್ತು ಹೆಡ್‌ಮಾಸ್ತರು ಆಫೀಸಿನಿಂದ ಹೊರಗೆ ಬಂದು ನಿಂತರು.

ಆದರೆ ಕಪ್ಪು ಎರಡರಲ್ಲಿ ಹಾಡುವುದು ನನಗೆ ಕಷ್ಟ. ಅವರ ತಾರ ಷಡ್ಜ (ಮೇಲಿನ 'ಸ') ಅಂದರೆ ನನ್ನ ಲೆಕ್ಕದಲ್ಲಿ ತಾರ ಮಧ್ಯಮ (ಮೇಲಿನ 'ಮ'). ದಿನಾ ಬೆಳಿಗ್ಗೆ ಅಷ್ಟು ಮೇಲೆ ಹೋಗಿ ಅಭ್ಯಾಸ ನನಗಿರಲಿಲ್ಲ. ಸಂಗೀತ ಶಿಕ್ಷಕಿ ಆಗುವ ನನ್ನ ತರಬೇತಿ ನಿಜವಾಗಿ ಶುರುವಾಗಿದ್ದು ಆ ವಾರದಿಂದ ಅಂತ ನಾನು ಲೆಕ್ಕ ಹಾಕುತ್ತೇನೆ. ಅದಕ್ಕೂ ಮುಂಚೆ ಕಲಿತದ್ದೆಲ್ಲ ಹಾಡುವುದಕ್ಕೆ.

ನಾನು ಶಿರಸಿ ಕಡೆಯವಳು. ನಮ್ಮ ಘಟ್ಟದ ಮೇಲಿನ ಊರುಗಳಲ್ಲಿ ಹಿಂದೂಸ್ತಾನಿ ಸಂಗೀತ ಹೊಸದಲ್ಲ. ಧಾರವಾಡ-ಹುಬ್ಬಳ್ಳಿ ಹತ್ತಿರ, ಅಲ್ಲಿಂದ ಸಂಗೀತ ಇಲ್ಲಿಯ ಅಡಿಕೆ ತೋಟಗಳ ತನಕ ಬಂದಿದೆ. ಬಸವರಾಜ ರಾಜಗುರುಗಳ ಹತ್ತಿರ ಕಲಿತ ಗಣಪತಿ ಭಟ್ಟರು ಯಲ್ಲಾಪುರ ತಾಲೂಕಿನ ಹಾಸಣಗಿಯವರು. ಅವರ ಕಛೇರಿಗೆ ಅಪ್ಪಯ್ಯ ನನ್ನನ್ನು ಕರೆದುಕೊಂಡು ಹೋದಾಗ ನಾನು ನಾಲ್ಕನೇ ಕ್ಲಾಸು. ಅರ್ಧಕ್ಕೆ ನಿದ್ದೆ ಬಂದಿತ್ತು, ಆದರೆ ತಂಬೂರಿಯ ನಾದ ಕಿವಿಯಲ್ಲೇ ಉಳಿಯಿತು. ಮುಂದಿನ ತಿಂಗಳಿಂದ ನಮ್ಮೂರಿನ ಪಕ್ಕದ ಮಾಸ್ತರ ಮನೆಯಲ್ಲಿ ಪಾಠ. ಮೊದಲು ಭೂಪ್ ರಾಗ, ಆಮೇಲೆ ಯಮನ್. ಯಮನ್ ಒಂದನ್ನೇ ಎರಡು ವರ್ಷ ಹಾಡಿಸಿದರು.

ಪರೀಕ್ಷೆಗಳ ವಿಷಯ ಜಾಸ್ತಿ ಹೇಳುವುದಿಲ್ಲ. ಕರ್ನಾಟಕದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಅಂತ ಒಂದು ದಾರಿ ಇದೆ. ನಮ್ಮ ಮಾಸ್ತರು ಗಾಂಧರ್ವ ಮಹಾವಿದ್ಯಾಲಯ ಮಂಡಳದ ದಾರಿ ಹಿಡಿಸಿದರು. ಪ್ರಾರಂಭಿಕದಿಂದ ವಿಶಾರದ ಪೂರ್ಣದ ತನಕ ಏಳು ಪರೀಕ್ಷೆ. ಕ್ರಿಯಾತ್ಮಕ ಭಾಗದಲ್ಲಿ ಪರೀಕ್ಷಕರು ರಾಗ ಹೇಳುತ್ತಾರೆ, ಹಾಡಬೇಕು. ಶಾಸ್ತ್ರ ಭಾಗದಲ್ಲಿ ಭಾತಖಂಡೆಯವರ ಹತ್ತು ಥಾಟ್ (ರಾಗಗಳ ಗುಂಪು), ಸ್ವರಲಿಪಿ, ತಾಳದ ದುಗುನ್ (ಎರಡು ಪಟ್ಟು ವೇಗ) ಬರೆಯಬೇಕು. ಏಳೂ ಪಾಸಾದೆ. ಆ ಏಳು ಪರೀಕ್ಷೆಗಳಲ್ಲಿ ಒಮ್ಮೆಯೂ ಯಾರೂ "ಇದನ್ನು ಒಂದು ಮಗುವಿಗೆ ಕಲಿಸಿ ತೋರಿಸು" ಅಂತ ಕೇಳಲಿಲ್ಲ.

ಬಿ.ಎ. ಮುಗಿದ ಮೇಲೆ ಕೆಲಸ ಹುಡುಕಿದೆ. ಕೇಂದ್ರೀಯ ವಿದ್ಯಾಲಯದ ಪ್ರಾಥಮಿಕ ವಿಭಾಗದ ಸಂಗೀತ ಶಿಕ್ಷಕರ ಹುದ್ದೆಗೆ ಪಿಯುಸಿಯಲ್ಲಿ ಶೇ 50 ಅಂಕ, ಜೊತೆಗೆ ಸಂಗೀತದಲ್ಲಿ ಪದವಿ ಅಥವಾ ತತ್ಸಮಾನ ಅಂತ ಆಗ ಇತ್ತು. ಸಂಗೀತವನ್ನೇ ಪದವಿಯಾಗಿ ಓದಬೇಕು ಅಂದರೆ ನಮ್ಮ ಕಡೆಯವರು ಧಾರವಾಡಕ್ಕೆ ಹೋಗುತ್ತಾರೆ. ನಾನು ಹೋಗಿರಲಿಲ್ಲ, ಆಯಿಯ ಆರೋಗ್ಯ ಸರಿ ಇರಲಿಲ್ಲ. ನನ್ನ ಬಿ.ಎ. ಸಾದಾ ಬಿ.ಎ., ಕೈಯಲ್ಲಿ ವಿಶಾರದ. ಆ "ತತ್ಸಮಾನ" ಅನ್ನುವ ಒಂದು ಪದಕ್ಕೆ ನನ್ನ ಕಾಗದ ಸೇರುತ್ತದೋ ಇಲ್ಲವೋ ಅಂತ ತಿಂಗಳುಗಟ್ಟಲೆ ಒದ್ದಾಡಿದೆ. ಖಾಸಗಿ ಶಾಲೆಗಳಲ್ಲಿ ಕೇಳಿದರೆ ಬಿ.ಇಡಿ. ಇದ್ದರೆ ಒಳ್ಳೆಯದು, ಕನ್ನಡವನ್ನೂ ಕಲಿಸಬಹುದಲ್ವಾ ಅಂದರು. ಸಂಗೀತ ಶಿಕ್ಷಕರೊಬ್ಬರನ್ನೇ ಅಂತ ತೆಗೆದುಕೊಳ್ಳುವ ಶಾಲೆ ನಮ್ಮ ಜಿಲ್ಲೆಯಲ್ಲಿ ನನಗೆ ಸಿಕ್ಕಿದ್ದು ಬಹಳ ಕಮ್ಮಿ. ಇದು ನನಗೆ ಇವತ್ತಿಗೂ ಬೇಜಾರು. ಆಟಕ್ಕೆ ಒಬ್ಬರು ಬೇಕು ಅಂತ ಎಲ್ಲರಿಗೂ ಅನಿಸುತ್ತದೆ, ಹಾಡಿಗೆ ಮಾತ್ರ "ಯಾರಾದರೂ ಹಾಡುವ ಟೀಚರ್ ನೋಡಿಕೊಳ್ಳುತ್ತಾರೆ" ಅನ್ನುತ್ತಾರೆ.

ಸಿಎಸಿ (ಬಿ.ಇಡಿ. ಸೀಟು ಹಂಚುವ ಕೇಂದ್ರೀಕೃತ ದಾಖಲಾತಿ ಘಟಕ) ಮೂಲಕ ಸೀಟು ಸಿಕ್ಕಿತು, ಘಟ್ಟದ ಕೆಳಗೆ. ಬಿ.ಇಡಿ. ಈಗ ಎರಡು ವರ್ಷ. ಅದರಲ್ಲಿ ಸಂಗೀತ ಅನ್ನುವ ಬೋಧನಾ ವಿಷಯ ನನಗಿರಲಿಲ್ಲ, ಕನ್ನಡ ಮತ್ತು ಸಮಾಜ ವಿಜ್ಞಾನ ತೆಗೆದುಕೊಂಡೆ. "ಶಿಕ್ಷಣದಲ್ಲಿ ನಾಟಕ ಮತ್ತು ಕಲೆ" ಅಂತ ಒಂದು ಪತ್ರಿಕೆ ಇದೆ, ಹಾಡು ಬರುವುದು ಅಲ್ಲಿ. ಒಂದು ಸೆಮಿಸ್ಟರಿನ ಚಿಕ್ಕ ಪತ್ರಿಕೆ. ಆದರೂ ಬಿ.ಇಡಿ.ಯಿಂದ ನನಗೆ ಏನೂ ಸಿಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಸೂಕ್ಷ್ಮ ಬೋಧನೆಯಲ್ಲಿ ಐದಾರು ನಿಮಿಷದ ಪಾಠ, ಎದುರಿಗೆ ನಮ್ಮದೇ ಸಹಪಾಠಿಗಳು ಮಕ್ಕಳಾಗಿ ಕೂತಿರುತ್ತಾರೆ, ಒಂದು ಸಲಕ್ಕೆ ಒಂದೇ ಕೌಶಲ. ಪ್ರಶ್ನೆ ಕೇಳುವ ಕೌಶಲದ ದಿನ ನಮ್ಮ ಮೇಡಂ ಒಂದು ಮಾತು ಹೇಳಿದರು: ಪ್ರಶ್ನೆ ಕೇಳಿದ ಮೇಲೆ ಮೂರು ಸೆಕೆಂಡ್ ಸುಮ್ನೆ ಇರು. ಮೂರು ಸೆಕೆಂಡ್ ಎಷ್ಟು ಉದ್ದ ಅಂತ ನಿಂತು ನೋಡಿದವರಿಗೇ ಗೊತ್ತು. ಆಮೇಲೆ ಅದನ್ನೇ ನಾನು ಶ್ರುತಿ ಕೊಡುವಾಗ ಮಾಡತೊಡಗಿದೆ. ಷಡ್ಜ ಕೊಡುವುದು. ಮೂರು ಸೆಕೆಂಡ್ ಯಾರೂ ಹಾಡಬಾರದು, ಕೇಳಬೇಕು. ಆಮೇಲೆ ಬಾಯಿ ಮುಚ್ಚಿ ಗುನುಗಬೇಕು. ಆಮೇಲೆ ಬಾಯಿ ತೆರೆಯಬೇಕು. ಅರ್ಧ ಬೇಸುರ ಅಲ್ಲೇ ಹೋಗುತ್ತದೆ. ಮಕ್ಕಳು ಬೇಸುರ ಹಾಡುವುದು ಬಹಳ ಸಲ ಅವಸರಕ್ಕೆ.

ಇಂಟರ್ನ್‌ಶಿಪ್ ಎರಡನೇ ವರ್ಷ ಹದಿನಾರು ವಾರ. ನನಗೆ ಸಿಕ್ಕಿದ ಶಾಲೆಯಲ್ಲಿ ಒಂದೇ ಅಂಗಳದಲ್ಲಿ ಹಿರಿಯ ಪ್ರಾಥಮಿಕ ಶಾಲೆ, ಪ್ರೌಢಶಾಲೆ ಎರಡೂ ಇದ್ದವು. ಪ್ರೌಢಶಾಲೆಯಲ್ಲಿ ಕನ್ನಡ ಪಾಠ. ಹೆಡ್‌ಮಾಸ್ತರನ್ನು ಕೇಳಿಕೊಂಡು ಶನಿವಾರ ಬೆಳಿಗ್ಗೆ ಚಿಕ್ಕವರಿಗೆ ಹಾಡು. ಆಗಸ್ಟ್ ತಿಂಗಳು, ಮಳೆ ಇನ್ನೂ ಬಿಟ್ಟಿರಲಿಲ್ಲ. ಶನಿವಾರದ ಕ್ಲಾಸು ನಡೆಯುವ ಕೋಣೆಗೆ ತಗಡಿನ ಮಾಡು. ಮಳೆ ಜೋರಾದರೆ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ. ಆ ದಿನಗಳಲ್ಲಿ ಹಾಡು ಬಿಟ್ಟು ತಾಳ ಹಿಡಿದೆವು. ಕೆಹರವಾ ಎಂಟು ಮಾತ್ರೆ, ದಾದ್ರಾ ಆರು ಮಾತ್ರೆ, ಬೆಂಚಿನ ಮೇಲೆ, ತೊಡೆಯ ಮೇಲೆ. ಒಂದು ದಿನ ಏಳು ಮಾತ್ರೆಯ ರೂಪಕ್ ತೆಗೆದುಕೊಂಡೆ. ಇದು ಇವರಿಗೆ ಕಷ್ಟ, ಮೂರು ವಾರ ಬೇಕು ಅಂತ ಪಾಠ ಯೋಜನೆಯಲ್ಲಿ ಬರೆದಿದ್ದೆ. ಹತ್ತೇ ನಿಮಿಷದಲ್ಲಿ ಹಿಂದಿನ ಬೆಂಚಿನ ಹುಡುಗರು ಮೂರು-ಎರಡು-ಎರಡು ಅಂತ ತಪ್ಪಿಲ್ಲದೆ ಬಡಿಯುತ್ತಿದ್ದರು. "ಅಕ್ಕೋರೆ, ಇದು ತ್ರಿವುಡೆ ಅಲ್ವಾ?" ಅಂತ ಒಬ್ಬ ಕೇಳಿದ. ತ್ರಿವುಡೆ ಅಂದರೆ ಯಕ್ಷಗಾನದ ಏಳು ಮಾತ್ರೆಯ ತಾಳ, ಇವರು ಬಯಲಾಟ ನೋಡಿ ಬೆಳೆದ ಮಕ್ಕಳು. ಭಾಗವತರ ಜಾಗಟೆ, ಮದ್ದಳೆ ಅವರ ಮೈಯಲ್ಲೇ ಇದೆ. ರೂಪಕ್ ಖಾಲಿಯಿಂದ (ಚಪ್ಪಾಳೆ ಬದಲು ಕೈ ಬೀಸುವ ಮಾತ್ರೆಯಿಂದ) ಶುರುವಾಗುತ್ತದೆ, ಅದೊಂದು ವ್ಯತ್ಯಾಸ ಹೇಳಿಕೊಟ್ಟೆ, ಅಷ್ಟೇ. ಮೂರು ವಾರದ ಯೋಜನೆ ಹರಿದು ಹಾಕಿ ಹೊಸದು ಬರೆದೆ. ಮಕ್ಕಳಿಗೆ ಈಗಾಗಲೇ ಏನು ಗೊತ್ತು ಅಂತ ಕೇಳದೆ ಯೋಜನೆ ಬರೆಯಬಾರದು ಅಂತ ನಮ್ಮ ಪುಸ್ತಕದಲ್ಲೂ ಇತ್ತು. ಓದಿದ್ದೆ, ಮಾಡಿರಲಿಲ್ಲ.

ಮೂರನೇ ವಾರ ನಾನೊಂದು ತಪ್ಪು ಮಾಡಿದೆ.

ಸೆಪ್ಟೆಂಬರ್ 5ಕ್ಕೆ ಐದನೇ ಕ್ಲಾಸಿನಿಂದ ಒಂದು ಸಮೂಹಗಾನ. ಇಪ್ಪತ್ತೆರಡು ಮಕ್ಕಳು. ಅವರಲ್ಲಿ ಒಬ್ಬ ಹುಡುಗ, ಅವನ ಅಪ್ಪ ಬೋಟಿಗೆ ಹೋಗುವವರು, ಬಹಳ ಹುರುಪಿನಿಂದ ಹಾಡುತ್ತಿದ್ದ. ಅವನ ದನಿ ಎಲ್ಲರಿಗಿಂತ ದೊಡ್ಡದು, ಎಲ್ಲರಿಗಿಂತ ಕೆಳಗೆ, ಹಾಡು ಎಲ್ಲಿ ಹೋದರೂ ಅವನು ಎರಡೇ ಸ್ವರದಲ್ಲಿ ನಿಂತಿರುತ್ತಿದ್ದ. ಪಕ್ಕದ ಇಬ್ಬರೂ ಅವನ ಜೊತೆ ಜಾರುತ್ತಿದ್ದರು. ಕಾರ್ಯಕ್ರಮಕ್ಕೆ ಎರಡು ದಿನ ಇತ್ತು. ನಾನು ಅವನನ್ನು ಕರೆದು "ನೀನು ಬಾಯಿ ಆಡಿಸು ಸಾಕು ಪುಟ್ಟ, ದನಿ ತೆಗೆಯಬೇಡ" ಅಂದೆ. ಮೆತ್ತಗೇ ಹೇಳಿದೆ. ಅವನು "ಹೂಂ ಅಕ್ಕೋರೆ" ಅಂದ. ಕಾರ್ಯಕ್ರಮದ ದಿನ ಹೇಳಿದ ಹಾಗೇ ಮಾಡಿದ. ಹಾಡು ಚೆನ್ನಾಗಿ ಬಂತು, ಎಲ್ಲರೂ ಹೊಗಳಿದರು. ಮುಂದಿನ ಶನಿವಾರ ಸುಮ್ನೆ ಕ್ಲಾಸಿನ ಹಾಡು, ಯಾವ ಕಾರ್ಯಕ್ರಮವೂ ಇಲ್ಲ, ಆಗಲೂ ಅವನು ಬಾಯಿ ಮಾತ್ರ ಆಡಿಸುತ್ತಿದ್ದ. ನಾನು ಮುಂದೆ ಹೋಗಿ ನಿಂತರೂ ದನಿ ಬರಲಿಲ್ಲ. ನನ್ನ ಎದೆ ಧಸಕ್ ಅಂದಿತು. ಹಾಡಬೇಡ ಅಂದವಳು ನಾನು, ಅದಕ್ಕೆ ಅವಧಿ ಹೇಳಿರಲಿಲ್ಲ.

ಕುಮಟಾ ಹತ್ತಿರ ಒಬ್ಬ ನಿವೃತ್ತ ಸಂಗೀತ ಮಾಸ್ತರು ಇದ್ದರು. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಕಲಿಸಿದವರು. ನಮ್ಮ ಮಾಸ್ತರೇ ಅವರ ವಿಳಾಸ ಕೊಟ್ಟಿದ್ದರು, ನಾನು ಅಲ್ಲಿಯ ತನಕ ಹೋಗಿರಲಿಲ್ಲ. ಅವತ್ತು ಸಂಜೆಯೇ ಹೋದೆ. ಇದ್ದದ್ದು ಇದ್ದಂತೆ ಹೇಳಿದೆ. ಅವರು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

"ತಂಗಿ, ಅವನು ಹಾಡುವ ಆ ಎರಡು ಸ್ವರ ಹಾರ್ಮೋನಿಯಂನಲ್ಲಿ ಯಾವ ಮನೆ?"

ಗೊತ್ತಿಲ್ಲ ಅಂದೆ.

"ಗೊತ್ತು ಮಾಡ್ಕೊಂಡು ಬಾ. ಆಮೇಲೆ ಮಾತಾಡುವಾ."

ಸೋಮವಾರ ಊಟದ ಬಿಡುವಿನಲ್ಲಿ ಅವನನ್ನು ಒಬ್ಬನನ್ನೇ ಕೂರಿಸಿಕೊಂಡೆ. ಮೊದಲು, ಅವತ್ತು ನಾನು ಹೇಳಿದ್ದು ತಪ್ಪು ಅಂತ ಹೇಳಿದೆ. ಆಮೇಲೆ ಹಾಡು ಕೇಳಲಿಲ್ಲ. ನಿನ್ನ ಹೆಸರನ್ನು ಎಳೆದು ಹೇಳು ಅಂದೆ. ಎಳೆದ. ಅದು ಮಂದ್ರ ಸಪ್ತಕದ ಬಿಳಿ ಐದು. ನಾನು ಅದನ್ನೇ ಷಡ್ಜ ಮಾಡಿಕೊಂಡು ಅವನ ಹೆಸರನ್ನು ಅವನದೇ ಸ್ವರದಲ್ಲಿ ವಾಪಸ್ ಹಾಡಿದೆ. ಮತ್ತೆ ಅವನು. ಮತ್ತೆ ನಾನು. ನಾಲ್ಕನೇ ಸಲ ಇಬ್ಬರ ದನಿಯೂ ಒಂದಕ್ಕೊಂದು ಕೂಡಿಕೊಂಡಿತು. ಅವನು ಕಣ್ಣೆತ್ತಿ ನನ್ನ ಮುಖ ನೋಡಿದ. ಬೇರೆಯವರ ದನಿ ತನ್ನ ದನಿಗೆ ಕೂಡುವುದು ಅಂದರೆ ಏನು ಅಂತ ಅವನ ಕಿವಿಗೆ ಅದೇ ಮೊದಲು ತಿಳಿದಿದ್ದು ಅಂತ ನನಗೆ ಅನಿಸಿತು. ಅಷ್ಟು ದಿನ ನಾವೆಲ್ಲ ಹಾಡುತ್ತಿದ್ದ ಜಾಗ ಅವನಿಗೆ ಎಟುಕುತ್ತಿರಲಿಲ್ಲ. ಎಟುಕದ ಮೇಲೆ ಕೂಡಿದ್ದು ಯಾವುದು, ಕೂಡದ್ದು ಯಾವುದು ಅಂತ ಹೇಗೆ ಗೊತ್ತಾಗಬೇಕು?

ಮಾಸ್ತರು ಮುಂದಿನ ಹೆಜ್ಜೆ ಹೇಳಿದರು. ಷಡ್ಜದಿಂದ ರಿಷಭ, ಅಲ್ಲಿಂದ ವಾಪಸ್. ಒಂದು ವಾರ ಅಷ್ಟೇ. ಆಮೇಲೆ ಇಡೀ ಷಡ್ಜವನ್ನೇ ಒಂದು ಮನೆ ಮೇಲೆ. ಅವನಿಗೆ ಹೇಳಬೇಡ, ಸುಮ್ನೆ ಏರಿಸು ಅಂದರು. ಬಿಳಿ ಐದರಿಂದ ಕಪ್ಪು ನಾಲ್ಕು, ಅಲ್ಲಿಂದ ಬಿಳಿ ಆರು. ಬಿಳಿ ಆರಕ್ಕೆ ಬಂದು ನಿಂತುಬಿಟ್ಟ. ಅಲ್ಲಿಂದ ಮೇಲೆ ಹೋಗಲು ಕಿರುಚುತ್ತಿದ್ದ, ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ಮಾತಾಡುವ ದನಿಯನ್ನೇ ತಳ್ಳಿಕೊಂಡು ಮೇಲೆ ಒಯ್ಯುತ್ತಿದ್ದ. ತೆಳುವಾದ ದನಿ ಅವನಲ್ಲೂ ಇದೆ, ಅದನ್ನು ಬಳಸಿ ಗೊತ್ತಿಲ್ಲ. ಅದನ್ನು ಹೇಗೆ ತೋರಿಸಿಕೊಡುವುದು?

ಆ ವಾರ ಊರಿಗೆ ಹೋಗಿದ್ದೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ, ಅಲ್ಲಿಂದ ಇನ್ನೊಂದು ಬಸ್ಸು. ಸಂಜೆ ಆಯಿ ತೋಟದ ಅಂಚಿಗೆ ನಿಂತು ಚಹಾಕ್ಕೆ ಬರಲಿಕ್ಕೆ ಅಪ್ಪಯ್ಯನಿಗೆ ಕೂ ಹಾಕಿದಳು. ಕೆಳಗಿನಿಂದ ಅಪ್ಪಯ್ಯ ಕೂ ಅಂದರು. ಅರವತ್ತರ ಗಂಡಸು, ಮಾತಾಡಿದರೆ ಗಡಸು ದನಿ, ಕೂ ಮಾತ್ರ ಎಷ್ಟು ಮೇಲೆ, ಎಷ್ಟು ಸಲೀಸು! ಹುಟ್ಟಿದಾಗಿನಿಂದ ಕೇಳಿದ್ದು. ಕೊನೆಕೊಯ್ಲಿನಲ್ಲಿ ಕೊನೆಗೌಡ ಅಡಿಕೆ ಮರದ ತುದಿಯಿಂದ ಹಾಕುವ ಕೂ ಇಡೀ ಕಣಿವೆಗೆ ಕೇಳುತ್ತದೆ, ಅವನ ಗಂಟಲಿಗೆ ಒಂದಿಷ್ಟೂ ಬಿಗಿ ಇರುವುದಿಲ್ಲ. ಕೂ ಅನ್ನುವಾಗ ತುಟಿ ದುಂಡಗಾಗುತ್ತದೆ, ದನಿ ತಾನಾಗಿ ತಲೆಗೆ ಏರುತ್ತದೆ. ನನಗೆ ಬೇಕಾಗಿದ್ದು ಅಂಗಳದಲ್ಲೇ ಇತ್ತು.

ಮುಂದಿನ ಶನಿವಾರ ಇಡೀ ಕ್ಲಾಸನ್ನು ಹೊರಗೆ ಕರೆದುಕೊಂಡು ಹೋದೆ. ಅರ್ಧ ಮಕ್ಕಳು ಕಂಪೌಂಡಿನ ಈ ಕಡೆ, ಅರ್ಧ ಆ ಕಡೆ. ಇವರು ಕೂ ಹಾಕುವುದು, ಅವರು ತಿರುಗಿ ಹಾಕುವುದು. ಕರಾವಳಿಯ ಮಕ್ಕಳಿಗೂ ಹೇಳಿಕೊಡಬೇಕಾಗಿ ಬರಲಿಲ್ಲ. ಆ ಹುಡುಗನ ಕೂ ಎಲ್ಲರಿಗಿಂತ ಮೇಲೆ ಹೋಯಿತು. ಹಾರ್ಮೋನಿಯಂನಲ್ಲಿ ನೋಡಿದರೆ ಮೇಲಿನ ಸಪ್ತಕದ ಬಿಳಿ ಎರಡು ದಾಟಿತ್ತು. ಇಷ್ಟು ಮೇಲಿನ ದನಿ ಇರುವ ಮಗುವಿಗೆ ನಾನು ಬಾಯಿ ಆಡಿಸು ಅಂದಿದ್ದೆ. ಆಮೇಲೆ ಆ ಕೂವನ್ನೇ ಮೇಲಿನಿಂದ ನಿಧಾನಕ್ಕೆ ಜಾರಿಸಿ ಕೆಳಗೆ ತರುವ ಆಟ. ಜಾರುತ್ತಾ ಬರುವಾಗ ನಾನು ಕೈ ಎತ್ತಿದಲ್ಲಿ ನಿಲ್ಲಬೇಕು. ನಿಂತ ಜಾಗವೇ ಒಂದು ಸ್ವರ. ಅಲ್ಲಿಂದ ಒಂದು ಪದ, ಆಮೇಲೆ ಎರಡು ಪದ. ಕೆಳಗಿನಿಂದ ಏರಿಸುವುದಕ್ಕಿಂತ ಮೇಲಿನಿಂದ ಇಳಿಸುವುದು ಅವನಿಗೆ ಸುಲಭವಾಯಿತು.

ಡಿಸೆಂಬರ್ ಹೊತ್ತಿಗೆ ಅವನು ಕಪ್ಪು ಎರಡರ ಷಡ್ಜದಿಂದ ಪಂಚಮದ ತನಕ ಐದು ಸ್ವರ ಹಾಡುತ್ತಿದ್ದ. ಅದಕ್ಕಿಂತ ಮೇಲೆ ಹೋದರೆ ಒಮ್ಮೊಮ್ಮೆ ತಪ್ಪುತ್ತಿದ್ದ. ನನಗೆ ಅದು ಸಾಕಾಗಿತ್ತು, ಅವನಿಗೂ.

ಈ ನಡುವೆ ನನ್ನ ಗಂಟಲು ಹೋಯಿತು. ದಿನಕ್ಕೆ ಐದು ಪೀರಿಯಡ್ ಕನ್ನಡ, ಮಳೆಯ ಮೇಲೆ ಕೂಗಿ ಮಾತಾಡುವುದು, ಬೆಳಿಗ್ಗೆ ಎದ್ದು ಅಭ್ಯಾಸವಿಲ್ಲದ ಶ್ರುತಿಯಲ್ಲಿ ಹಾಡುವುದು. ಒಂದು ದಿನ ದನಿ ಬರೀ ಗಾಳಿ. ಆಯಿ ಫೋನಿನಲ್ಲೇ ಜ್ಯೇಷ್ಠಮಧು ಚಪ್ಪರಿಸು, ಕಷಾಯ ಕುಡಿ ಅಂದಳು. ಕುಡಿದೆ. ಕಡೆಗೆ ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಿದಾಗ ಒಂದು ವಾರ ಮಾತೇ ಆಡಬೇಡ ಅಂದರು. ಪಿಸುಮಾತೂ ಬೇಡ, ಪಿಸುಗುಟ್ಟಿದರೂ ಗಂಟಲಿಗೆ ಆಯಾಸವೇ ಅಂದರು. ಇದು ಯಾಕೆ ಬಿ.ಇಡಿ.ಯಲ್ಲಿ ಒಂದು ಪಾಠವಾಗಿ ಇಲ್ಲ ಅಂತ ನನಗೆ ಸಿಟ್ಟೇ ಬಂತು. ಜೀವಮಾನವಿಡೀ ದನಿಯನ್ನೇ ನಂಬಿ ದುಡಿಯುವವರು ನಾವು. ನೀರು ಕುಡಿಯುವುದು, ಗಲಾಟೆಯ ಮೇಲೆ ಕೂಗದೆ ಚಪ್ಪಾಳೆಯಿಂದ ಸುಮ್ಮನಾಗಿಸುವುದು, ಎರಡು ಪೀರಿಯಡ್ ನಡುವೆ ಹತ್ತು ನಿಮಿಷವಾದರೂ ಮೌನ, ಇಷ್ಟನ್ನು ಮೊದಲೇ ಯಾರಾದರೂ ಹೇಳಿಕೊಟ್ಟಿದ್ದರೆ ಸಾಕಿತ್ತು.

ಆದರೆ ಆ ಒಂದು ವಾರ ಹಾಡಿನ ಕ್ಲಾಸು ನಿಲ್ಲಿಸಲಿಲ್ಲ. ಕೈಯಲ್ಲಿ ಕಲಿಸಿದೆ. ಸೊಂಟದ ಹತ್ತಿರ ಕೈ ಅಂದರೆ ಷಡ್ಜ, ಎದೆಗೆ ಬಂದರೆ ಪಂಚಮ, ತಲೆಯ ಮೇಲೆ ಹೋದರೆ ತಾರ ಷಡ್ಜ. ಹಂಗೇರಿಯ ಜೋಲ್ತಾನ್ ಕೋದಾಯ್ ಪದ್ಧತಿಯಲ್ಲಿ ಇಂಥ ಕೈಸನ್ನೆಗಳಿವೆ ಅಂತ ಕಾಲೇಜಿನಲ್ಲಿ ಒಂದು ಪುಟ ಓದಿದ್ದೆ. ತಮ್ಮ ನಾಡಿನ ಜನಪದ ಹಾಡುಗಳಿಂದಲೇ ಮಕ್ಕಳ ಪಾಠ ಶುರುವಾಗಬೇಕು ಅಂದವರೂ ಅವರೇ. ನಾನು ಹಾಡದೇ ಇದ್ದದ್ದರಿಂದ ಮಕ್ಕಳು ನನ್ನ ಹಿಂದೆ ಹಾಡುವುದು ತಪ್ಪಿತು, ತಾವೇ ಸ್ವರ ಹುಡುಕಬೇಕಾಯಿತು. ಈಗಲೂ ವಾರಕ್ಕೆ ಒಂದು ಕ್ಲಾಸು ನಾನು ಬಾಯಿ ತೆರೆಯುವುದಿಲ್ಲ.

ಜನಪದ ಅಂದಾಗ ಇನ್ನೊಂದು ನೆನಪು. ಮನೆಯಿಂದ ಒಂದೊಂದು ಹಾಡು ಕಲಿತು ಬನ್ನಿ ಅಂದಿದ್ದೆ. ಹಾಲಕ್ಕಿ ಕೇರಿಯ ಒಂದು ಹುಡುಗಿ ಅವಳ ಅಜ್ಜಿಯನ್ನೇ ಕರೆದುಕೊಂಡು ಬಂದಳು. ಅಂಕೋಲಾದ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಜಿಲ್ಲೆಯ ಎಲ್ಲರೂ ಹೆಮ್ಮೆಪಟ್ಟೆವು. ಅಂಥ ಹಾಡು ಬರೆದಿಡದೆ ಬಾಯಿಂದ ಬಾಯಿಗೆ ಬಂದಿದೆ, ಇನ್ನೂ ಎಷ್ಟೋ ಅಜ್ಜಿಯರ ಹತ್ತಿರ ಇದೆ. ಈ ಅಜ್ಜಿ ಹಾಡಿದ್ದು ನಾಲ್ಕೇ ಸ್ವರ. ನಾನು ಭಾತಖಂಡೆ ಲಿಪಿಯಲ್ಲಿ ಬರೆದುಕೊಳ್ಳಲು ಕೂತೆ. ಗಾಂಧಾರದ ('ಗ') ಹತ್ತಿರ ಪೆನ್ನು ನಿಂತಿತು. ಕೋಮಲ (ಇಳಿಸಿದ ಸ್ವರ) ಅಂತ ಅಡಿಗೆರೆ ಹಾಕಿದರೂ ತಪ್ಪು, ಹಾಕದಿದ್ದರೂ ತಪ್ಪು. ಅದು ಎರಡರ ನಡುವೆ ಎಲ್ಲೋ ಇತ್ತು, ಹಾರ್ಮೋನಿಯಂನಲ್ಲಿ ಅದಕ್ಕೆ ಮನೆಯೇ ಇಲ್ಲ. ಆಕಾಶವಾಣಿಯಲ್ಲಿ 1940ರಿಂದ 1971ರವರೆಗೆ ಹಾರ್ಮೋನಿಯಂ ನಿಷೇಧ ಇತ್ತು ಅಂತ ಪರೀಕ್ಷೆಗೆ ಓದಿದ್ದೆ. ಮನೆಗಳ ನಡುವಿನ ಸ್ವರ ಅದರಲ್ಲಿ ಸಿಗುವುದಿಲ್ಲ ಅನ್ನುವುದು ಆಗಿನ ಒಂದು ದೊಡ್ಡ ಆಕ್ಷೇಪ. ಆ ವಾಕ್ಯದ ಅರ್ಥ ನನಗೆ ಆಗಿದ್ದು ಅಜ್ಜಿಯ ಎದುರಿಗೆ ಕೂತಾಗ. ಹಾರ್ಮೋನಿಯಂ ಮುಚ್ಚಿಟ್ಟೆ. ಗುಮಟೆ ಅನ್ನುವ ಮಣ್ಣಿನ ಚರ್ಮವಾದ್ಯ ಬಾರಿಸಲು ಯಾರೂ ಇರಲಿಲ್ಲ, ಮಕ್ಕಳು ಬೆಂಚು ಬಡಿದರು. ನಾಲ್ಕು ಸ್ವರದ ಹಾಡು ಇಪ್ಪತ್ತೆರಡು ಮಕ್ಕಳಿಗೂ ಬಂತು. ನಾನು ಅಲ್ಲಿಯ ತನಕ ಮಕ್ಕಳಿಗೆ ಕೊಡುತ್ತಿದ್ದ ಹಾಡುಗಳು ಮಂದ್ರದಿಂದ ತಾರಕ್ಕೆ ಓಡಾಡುತ್ತಿದ್ದವು. ಕೇಳಲು ಚಂದ, ಐದನೇ ಕ್ಲಾಸಿಗೆ ಭಾರ. ಅವತ್ತಿನಿಂದ ಹೊಸ ಹಾಡು ಆರಿಸುವಾಗ ಮೊದಲು ನೋಡುವುದು ಅದರ ತೀರಾ ಕೆಳಗಿನ ಸ್ವರ, ತೀರಾ ಮೇಲಿನ ಸ್ವರ. ಆಮೇಲೆ ಪದ. ಅಂಕೋಲಾದ ದಿನಕರ ದೇಸಾಯಿಯವರ ಶಿಶುಗೀತೆಗಳಿಗೆ ನಾನೇ ಐದು ಸ್ವರದ ಧಾಟಿ ಹಾಕಿಕೊಂಡಿದ್ದೇನೆ.

ಈಗ ಕಾರವಾರದ ಒಂದು ಖಾಸಗಿ ಶಾಲೆಯಲ್ಲಿದ್ದೇನೆ. ವಾರಕ್ಕೆ ಹದಿನೆಂಟು ಪೀರಿಯಡ್ ಸಂಗೀತ, ಆರು ಕನ್ನಡ. ಸೇರಿದ ವರ್ಷ ನಾಡಗೀತೆಯದೇ ದೊಡ್ಡ ಕೆಲಸ. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನಲ್ಲಿ, ಆಲಾಪ ಇಲ್ಲದೆ ಹಾಡಬೇಕು ಅಂತ ಗೊತ್ತು ಮಾಡಿತು. ದೊಡ್ಡ ಮಕ್ಕಳಿಗೆ ಹಳೆಯ ರೂಢಿ, ಸಾಲು ಎರಡೆರಡು ಸಲ. ಗಡಿಯಾರ ಇಟ್ಟುಕೊಂಡು ಹಾಡಿಸಿದೆ, ಮೊದಲು ನಾಲ್ಕು ನಿಮಿಷದ ಹತ್ತಿರ ಹೋಯಿತು. ಅವಸರ ಮಾಡಿದರೆ ಪದ ನುಂಗುತ್ತಾರೆ. ಲಯ ಹಿಡಿದು ಸರಿ ಬರಲು ಒಂದು ತಿಂಗಳಾಯಿತು. ರಾಷ್ಟ್ರಗೀತೆ 52 ಸೆಕೆಂಡ್, ಅದಕ್ಕೆ ಹಾರ್ಮೋನಿಯಂ ಇಲ್ಲದೆ ನಾನು ಶ್ರುತಿ ಮಾತ್ರ ಕೊಡುತ್ತೇನೆ. ಅದನ್ನು ಬರೆದ ರವೀಂದ್ರನಾಥ ಠಾಗೋರರು ಹರೆಯದಲ್ಲಿ ಕಾರವಾರಕ್ಕೆ ಬಂದು ಉಳಿದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಮಕ್ಕಳನ್ನು ಠಾಗೋರ್ ಕಡಲತೀರಕ್ಕೆ ಕರೆದುಕೊಂಡು ಹೋಗಿ ಇದೇ ಮರಳು, ಇದೇ ಕಾಳಿ ನದಿ ಅಂತ ಹೇಳಿದೆ. ಅದಾದ ಮೇಲೆ ಅವರು ನಿಂತುಕೊಳ್ಳುವ ರೀತಿಯೇ ಬೇರೆಯಾಯಿತು.

ಎಂಟು-ಒಂಬತ್ತನೇ ಕ್ಲಾಸಿನ ಹುಡುಗರದ್ದು ಬೇರೆಯೇ ಪಾಠ. ದನಿ ಒಡೆಯುವ ವಯಸ್ಸು. ನಿನ್ನೆ ಇದ್ದ ಸ್ವರ ಇವತ್ತು ಇರುವುದಿಲ್ಲ, ನಾಚಿಕೆಗೆ ಬಾಯಿ ಮುಚ್ಚುತ್ತಾರೆ. ಅವರಿಗೆ ಇದು ಎಲ್ಲರಿಗೂ ಆಗುವುದು ಅಂತ ಮೊದಲ ದಿನವೇ ಬಿಡಿಸಿ ಹೇಳುತ್ತೇನೆ. ಕೆಳಗಿನ ಸಪ್ತಕದಲ್ಲಿ ಮೂರ್ನಾಲ್ಕು ಸ್ವರದ ಸಾಲು ಕೊಡುತ್ತೇನೆ, ಉಳಿದ ಹೊತ್ತು ತಾಳ. ಯಾರನ್ನೂ ಕ್ಲಾಸಿನಿಂದ ಹೊರಗೆ ಇಡುವುದಿಲ್ಲ.

ಪ್ರತಿಭಾ ಕಾರಂಜಿ ಬಂದಾಗ ನನ್ನ ಮೇಲೆ ಒತ್ತಡ ಇರುತ್ತದೆ. ಭಾವಗೀತೆಗೆ ಒಬ್ಬರು, ಜನಪದ ಗೀತೆಗೆ ಒಬ್ಬರು, ಭಕ್ತಿಗೀತೆಗೆ ಒಬ್ಬರು, ಗೆಲ್ಲುವ ಮಗುವನ್ನು ಹಿಡಿದು ತಿಂಗಳು ತಾಲೀಮು ಮಾಡಿಸಿ ಅನ್ನುತ್ತಾರೆ. ಮಾಡಿಸುತ್ತೇನೆ, ಶಾಲೆ ಬಿಟ್ಟ ಮೇಲೆ. ಸಂಗೀತದ ಪೀರಿಯಡ್ಡನ್ನು ಮಾತ್ರ ಅದಕ್ಕೆ ಕೊಡುವುದಿಲ್ಲ. ಅದು ನಲವತ್ತು ಮಕ್ಕಳದ್ದು. ಚೆನ್ನಾಗಿ ಹಾಡುವ ಮಗು ನಾನಿಲ್ಲದಿದ್ದರೂ ಹಾಡುತ್ತದೆ. ಎರಡು ಸ್ವರದ ಮಗುವಿಗೆ ನನ್ನ ಆ ನಲವತ್ತು ನಿಮಿಷ ಬಿಟ್ಟರೆ ಬೇರೆ ಜಾಗ ಇಲ್ಲ. ಈ ವಿಷಯದಲ್ಲಿ ಒಂದೆರಡು ಸಲ ಸ್ಟಾಫ್ ರೂಮಿನಲ್ಲಿ ಜೋರು ಮಾತೂ ಆಗಿದೆ.

ಜೂನ್ ಬಂತು. ಹಾರ್ಮೋನಿಯಂ ಇಡುವ ಕಪಾಟಿನಲ್ಲಿ ಬಲ್ಬು ಹಾಕಿಸಿದ್ದೇನೆ, ಇಲ್ಲಿಯ ಮಳೆಗೆ ರೀಡು ಕಿಲುಬು ಹಿಡಿಯುತ್ತದೆ, ತಬಲಾದ ಚರ್ಮ ಸಡಿಲಾಗುತ್ತದೆ. ಹೊಸ ಪುಸ್ತಕವೊಂದರಲ್ಲಿ ಪ್ರತಿ ಕ್ಲಾಸಿಗೆ ಒಂದು ಹಾಳೆ. ಮೊದಲ ವಾರ ಹಾಡು ಇಲ್ಲ. ಒಬ್ಬೊಬ್ಬರೇ ಬಂದು ತಮ್ಮ ಹೆಸರನ್ನು ಎಳೆದು ಹೇಳುತ್ತಾರೆ, ನಾನು ಹಾರ್ಮೋನಿಯಂನಲ್ಲಿ ಮನೆ ಹುಡುಕಿ ಹೆಸರಿನ ಮುಂದೆ ಬರೆದುಕೊಳ್ಳುತ್ತೇನೆ. ನಿನ್ನೆ ಮೂರನೇ ಕ್ಲಾಸು ಮುಗಿಯಿತು. ನಾಳೆ ನಾಲ್ಕನೇ ಕ್ಲಾಸು, ಮೂವತ್ತೆಂಟು ಮಕ್ಕಳು.